ಶಾಲೆಯ ಗಂಟೆಯೂ ಬಸ್ಸಿನ ವೇಳೆಯೂ

ವಿದ್ಯಾಭ್ಯಾಸದ ಪ್ರಗತಿಯನ್ನು ಕುರಿತು ಮಾತು ಬಂದಾಗಲೆಲ್ಲ ನಾವು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಎಣಿಸುತ್ತೇವೆ: ಕಟ್ಟಡ, ಉಪಾಧ್ಯಾಯರು, ಪುಸ್ತಕ. ಶಾಲೆ ಕಟ್ಟಿಸಿದರು, ಉಪಾಧ್ಯಾಯರನ್ನು ನೇಮಿಸಿದರು, ಪುಸ್ತಕ ಹಂಚಿದರು ಎಂದರೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಆದರೆ ಹಳ್ಳಿಗಳಿಂದ ಬಂದ ನಮ್ಮಂಥವರಿಗೆ ನಾಲ್ಕನೆಯದೊಂದು ಉಂಟೆಂಬುದು ಚೆನ್ನಾಗಿ ಗೊತ್ತು. ಅದು ದಾರಿ. ಮಗುವು ಮನೆಯ ಹೊಸ್ತಿಲಿನಿಂದ ಶಾಲೆಯ ಹೊಸ್ತಿಲಿಗೆ ಹೊತ್ತಿಗೆ ಸರಿಯಾಗಿ ಹೋಗಿ, ಹೊತ್ತಿಗೆ ಸರಿಯಾಗಿ ಹಿಂದಿರುಗುವ ಏರ್ಪಾಡು ಇಲ್ಲದಿದ್ದರೆ, ಉಳಿದ ಮೂರೂ ಇದ್ದು ಆ ಮಗುವಿನ ಪಾಲಿಗೆ ಇಲ್ಲದಂತೆಯೇ. ಈ ಏರ್ಪಾಡನ್ನು ಸರ್ಕಾರದ ಹಣದಿಂದ ಹೇಗೆ ಮಾಡಬಹುದು, ಹೇಗೆ ವಿಸ್ತರಿಸಬಹುದು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅದರಿಂದಲೇ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು. ನಮ್ಮೂರಿನ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು ಇರುವುದು 7 ಕಿಲೋಮೀಟರು ದೂರದ ಹೋಬಳಿ ಊರಿನಲ್ಲಿ. 2014ರಲ್ಲಿ ನನ್ನ ಅಕ್ಕ ಏಳನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದಳು. ಆಗ ನಮ್ಮೂರಿಗೆ ಬಸ್ಸು ಇರಲಿಲ್ಲವೇ ಎಂದರೆ, ಇತ್ತು. ಬೆಳಿಗ್ಗೆ 10 ಗಂಟೆ 10 ನಿಮಿಷಕ್ಕೆ ಊರು ಬಿಡುತ್ತಿತ್ತು. ಹೈಸ್ಕೂಲಿನ ಪ್ರಾರ್ಥನೆಯ ಗಂಟೆ 9.45ಕ್ಕೆ. ಸಂಜೆ ಶಾಲೆ ಬಿಡುವುದು 4.30ಕ್ಕೆ, ಬಸ್ಸು ಹೋಬಳಿಯನ್ನು ಬಿಡುತ್ತಿದ್ದುದು 4 ಗಂಟೆಗೆ, ಮುಂದಿನ ಬಸ್ಸು ರಾತ್ರಿ 7.30ಕ್ಕೆ. ಸರ್ಕಾರದ ಸೈಕಲ್ಲು ಬರುತ್ತಿತ್ತು ನಿಜ, ಆದರೆ ಅದು ಎಂಟನೆಯ ತರಗತಿಗೆ ಸೇರಿದ ಮೇಲೆ ಬರುವಂಥದು. ದಾರಿಯಲ್ಲಿ ಮಳೆಗಾಲಕ್ಕೆ ತುಂಬುವ ಹಳ್ಳ, ಅದನ್ನು ದಾಟಿದರೆ ಲಾರಿಗಳು ಓಡಾಡುವ ಹೆದ್ದಾರಿ. ನಮ್ಮ ತಂದೆಯವರು ಓದಿದವರಲ್ಲ. ಆದರೆ ಓದು ಬೇಡವೆಂದವರೂ ಅಲ್ಲ. ಕತ್ತಲಾದ ಮೇಲೆ ಹುಡುಗಿ ಒಬ್ಬಳೇ ಹೇಗೆ ಬಂದಾಳು ಎಂದು ಎರಡು ವಾರ ಯೋಚಿಸಿದರು. ಕಡೆಗೆ ಅಕ್ಕ ಮನೆಯಲ್ಲೇ ಉಳಿದಳು.

2017ರಲ್ಲಿ ಊರಿನವರೆಲ್ಲ ಸೇರಿ, ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಒಂದು ಪತ್ರವನ್ನೂ ಇಟ್ಟು, ಡಿಪೋಗೆ ಅರ್ಜಿ ಕೊಟ್ಟರು. ತಂದೆಯವರೂ ಅದಕ್ಕೆ ಹೆಬ್ಬೆಟ್ಟು ಒತ್ತಿದರು. ನಾಲ್ಕು ತಿಂಗಳಾದ ಮೇಲೆ ಬೆಳಗಿನ ಬಸ್ಸು 9.10ಕ್ಕೂ ಸಂಜೆಯ ಬಸ್ಸು 5 ಗಂಟೆಗೂ ಬದಲಾಯಿತು. ಮರುವರ್ಷ ನಾನು ಹೈಸ್ಕೂಲಿಗೆ ಸೇರಿದೆ. ನಾನು ಅಕ್ಕನಿಗಿಂತ ಬುದ್ಧಿವಂತನೇನಲ್ಲ. ಹೊಸ ಬಸ್ಸನ್ನು ಯಾರೂ ಕೊಳ್ಳಲಿಲ್ಲ, ಹೊಸ ರಸ್ತೆಯನ್ನೂ ಹಾಕಲಿಲ್ಲ. ಅದೇ ಬಸ್ಸು, ಅದೇ ರಸ್ತೆ. ವೇಳೆ ಮಾತ್ರ ಒಂದು ಗಂಟೆ ಆಚೀಚೆ ಆಯಿತು. ಆ ಒಂದು ಗಂಟೆ ನಾಲ್ಕು ವರ್ಷ ಮೊದಲೇ ಬದಲಾಗಿದ್ದರೆ ಈ ಸಂಚಿಕೆಗೆ ಬಹುಶಃ ಅವಳೇ ಬರೆಯುತ್ತಿದ್ದಳೇನೋ.

ಇರಲಿ. ಇನ್ನು ಕಾಯಿದೆ ಏನು ಹೇಳುತ್ತದೆಂಬುದನ್ನು ನೋಡೋಣ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ. ನೆರೆಹೊರೆ ಎಂದರೆ ಎಷ್ಟು ದೂರ? ನಿಯಮಗಳ ಪ್ರಕಾರ 1ರಿಂದ 5ನೆಯ ತರಗತಿಯವರೆಗೆ 1 ಕಿಲೋಮೀಟರು, 6ರಿಂದ 8ನೆಯ ತರಗತಿಯವರೆಗೆ 3 ಕಿಲೋಮೀಟರು ನಡಿಗೆಯ ಅಂತರ. ಅಷ್ಟರೊಳಗೆ ಶಾಲೆಯಿಲ್ಲದ ಸಣ್ಣ ಹಟ್ಟಿ ಹಾಡಿಗಳ ಮಕ್ಕಳಿಗೆ ಉಚಿತ ವಾಹನವನ್ನೋ ವಸತಿಯನ್ನೋ ಒದಗಿಸಬೇಕೆಂದು ಕೇಂದ್ರದ ಮಾದರಿ ನಿಯಮಗಳು ಹೇಳುತ್ತವೆ. ಹೈಸ್ಕೂಲಿನ ವಿಚಾರದಲ್ಲಿ ಇಂಥ ಹಕ್ಕಿಲ್ಲ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಪ್ರತಿ ಜನವಸತಿಗೂ 5 ಕಿಲೋಮೀಟರಿನೊಳಗೆ ಒಂದು ಹೈಸ್ಕೂಲು ಇರಬೇಕೆಂಬ ಗುರಿಯನ್ನು ಇಟ್ಟುಕೊಂಡಿತ್ತು. ಆದರೆ ಗುರಿ ಬೇರೆ, ಹಕ್ಕು ಬೇರೆ.

ಇಲ್ಲಿ ವಾಚಕರು ಒಂದು ವಿಚಿತ್ರವನ್ನು ಗಮನಿಸಬೇಕು. ಮಗು ಚಿಕ್ಕದಿರುವಾಗ ಶಾಲೆ ಹತ್ತಿರ. ದೊಡ್ಡದಾದಂತೆ ಶಾಲೆ ದೂರ. ಇದು ಸಹಜವೇ, ಪ್ರತಿ ಹಳ್ಳಿಯಲ್ಲೂ ಹೈಸ್ಕೂಲು ತೆರೆಯುವುದು ಸಾಧ್ಯವಿಲ್ಲ. ಆದರೆ ದೂರ ಹೆಚ್ಚುವ ಘಟ್ಟದಲ್ಲಿಯೇ ಕಾಯಿದೆಯ ಆಸರೆ ತಪ್ಪಿಹೋಗುತ್ತದೆ. ಅಲ್ಲದೆ ನಮ್ಮ ರಾಜ್ಯದಲ್ಲಿ ಅನೇಕ ಊರುಗಳ ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೇ ಮುಗಿದು, ಎಂಟನೆಯ ತರಗತಿಯು ಹೈಸ್ಕೂಲಿಗೆ ಸೇರಿಕೊಂಡಿದೆ. ಹೀಗಾಗಿ ಕಾಯಿದೆಯ ವ್ಯಾಪ್ತಿಯೊಳಗೇ ಇರುವ ಎಂಟನೆಯ ತರಗತಿಯ ಮಗುವೂ ಎಷ್ಟೋ ಕಡೆ ದೂರದ ಹೈಸ್ಕೂಲಿಗೇ ಹೋಗಬೇಕು. ನನ್ನ ಅಕ್ಕ ಶಾಲೆ ಬಿಟ್ಟದ್ದು ಸರಿಯಾಗಿ ಈ ಸಂದಿಯಲ್ಲಿ.

"ಹಾಗಾದರೆ ಸರ್ಕಾರ ಪಾಸು ಕೊಡುತ್ತದಲ್ಲ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ನಾಡಿನಲ್ಲಿ ಸರ್ಕಾರಿ ಬಸ್ಸಿಗೆ ದೀರ್ಘವಾದ ಇತಿಹಾಸವಿದೆ. 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಇಂದು ಆ ಒಂದು ನಿಗಮ ನಾಲ್ಕಾಗಿದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ದೊರೆಯುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆಲ್ಲ ಟಿಕೆಟ್ಟಿನ ಹಣವೇ ಬೇಕಿಲ್ಲವೆಂದಾಯಿತು. ಇವೆಲ್ಲ ದೊಡ್ಡ ಉಪಕಾರಗಳೆಂಬುದರಲ್ಲಿ ಸಂದೇಹವಿಲ್ಲ. ಪಾಸಿಲ್ಲದಿದ್ದರೆ ಈ ಕಾಲೇಜಿನ ಬಹುಮಂದಿ ಮಿತ್ರರು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಆದರೂ ಪಾಸು ಕೊಡುವುದು ಬೇರೆ, ಬಸ್ಸು ಕೊಡುವುದು ಬೇರೆ. ಪಾಸು ಬಂದ ಬಸ್ಸನ್ನು ಹತ್ತುವ ಹಕ್ಕನ್ನು ಮಾತ್ರ ಕೊಡುತ್ತದೆ. ಬಸ್ಸು ಬರಬೇಕು, ಶಾಲೆಯ ಗಂಟೆಗೆ ಮೊದಲೇ ಬರಬೇಕು, ಬಂದರೆ ನಿಲ್ಲಬೇಕು, ನಿಂತರೆ ಒಳಗೆ ಕಾಲಿಡಲು ಜಾಗವಿರಬೇಕು ಎಂಬ ಯಾವ ಮಾತೂ ಪಾಸಿನ ಮೇಲೆ ಬರೆದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಲ್ಲಿ ಹೇಳುವುದು ವಾಡಿಕೆ; ಆದರೆ ನಿರ್ವಾಹಕನನ್ನು ದೂರಿ ಪ್ರಯೋಜನವಿಲ್ಲ. ಸಾಮಾನ್ಯ ಬಸ್ಸಿನ ವೇಳಾಪಟ್ಟಿಯನ್ನು ಮಾಡುವುದೇ ಸಂತೆ, ಕಚೇರಿ, ಆಸ್ಪತ್ರೆಗಳಿಗೆ ಹೋಗುವ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು. ಸಂತೆಯ ದಿನ ಮೂಟೆಗಳ ನಡುವೆ ಪುಸ್ತಕದ ಚೀಲಕ್ಕೆ ಸ್ಥಳವೆಲ್ಲಿ? ಶನಿವಾರ ಬೆಳಗಿನ ಶಾಲೆ. ಅಂದೂ ಬಸ್ಸು ಎಂದಿನ ಹೊತ್ತಿಗೇ ಬರುತ್ತದೆ. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಸಂಜೆ ವಿಶೇಷ ತರಗತಿ ನಡೆಯುತ್ತದೆ. ಪಾಠ ಅರ್ಧವಾಗುವಾಗಲೇ ದೂರದ ಊರಿನವರು ಎದ್ದು ಓಡುತ್ತಾರೆ. ಎಲ್ಲಿಯಾದರೂ ಸಮಾವೇಶಕ್ಕೋ ಚುನಾವಣೆಗೋ ಬಸ್ಸು ಬೇಕಾದರೆ ಮೊದಲು ನಿಲ್ಲುವುದು ಹಳ್ಳಿಯ ಬಸ್ಸು. ನಾನು ಹೈಸ್ಕೂಲಿನಲ್ಲಿದ್ದ ಮೂರು ವರ್ಷವೂ ಇವೆಲ್ಲವನ್ನೂ ಕಂಡಿದ್ದೇನೆ.

ಹೊರದೇಶಗಳಲ್ಲಿ ಇದನ್ನು ಹೇಗೆ ಬಿಡಿಸಿಕೊಂಡರು? ಮೂರು ಉದಾಹರಣೆಗಳನ್ನು ಸಂಕ್ಷೇಪವಾಗಿ ಕೊಡುತ್ತೇನೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯವು 1869ರಲ್ಲಿಯೇ ಮಕ್ಕಳನ್ನು ಶಾಲೆಗೆ ಕರೆದೊಯ್ಯಲು ಸಾರ್ವಜನಿಕ ಹಣವನ್ನು ಖರ್ಚು ಮಾಡಬಹುದೆಂದು ಕಾಯಿದೆ ಮಾಡಿತು. ಆಗ ಇದ್ದುದು ಕುದುರೆ ಬಂಡಿ. 1919ರ ಹೊತ್ತಿಗೆ ಅಲ್ಲಿನ 48 ರಾಜ್ಯಗಳಲ್ಲೂ ಇಂಥ ಕಾಯಿದೆಗಳಾದವು. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಎಲ್ಲ ರಾಜ್ಯಗಳ ಪ್ರತಿನಿಧಿಗಳನ್ನೂ ಬಸ್ಸು ತಯಾರಕರನ್ನೂ ಸೇರಿಸಿ ಏಳು ದಿನಗಳ ಸಮ್ಮೇಳನ ನಡೆಸಿದರು. ಬಸ್ಸಿನ ಉದ್ದ, ಒಳಗಿನ ಎತ್ತರ, ನಡುದಾರಿಯ ಅಗಲ ಮುಂತಾದ 44 ಮಾನದಂಡಗಳು ಅಲ್ಲಿ ನಿಶ್ಚಯವಾದವು. ಇಂದು ಲೋಕವೆಲ್ಲ ಬಲ್ಲ ಹಳದಿ ಬಣ್ಣವನ್ನು ಆರಿಸಿದ್ದೂ ಅಲ್ಲಿಯೇ. ಮುಂಜಾನೆಯ ಮಬ್ಬಿನಲ್ಲಿ ಹಳದಿಯ ಮೇಲಣ ಕಪ್ಪು ಅಕ್ಷರ ಬೇಗ ಕಣ್ಣಿಗೆ ಬೀಳುತ್ತದೆಂಬುದೇ ಅದಕ್ಕೆ ಕಾರಣ. ರಾಜ್ಯಕ್ಕೊಂದು ಬಗೆಯ ಬಸ್ಸು ಇದ್ದಾಗ ತಯಾರಿಕೆಯ ವೆಚ್ಚ ಹೆಚ್ಚು. ಎಲ್ಲರಿಗೂ ಒಂದೇ ಮಾದರಿಯಾದಾಗ ವೆಚ್ಚ ಇಳಿಯಿತು, ಸುರಕ್ಷತೆ ಏರಿತು.

ಇಂಗ್ಲೆಂಡಿನವರು ದೂರದಿಂದ ಆರಂಭಿಸಿದರು. ಅವರ 1944ರ ಶಿಕ್ಷಣ ಕಾಯಿದೆಯು 8 ವರ್ಷದೊಳಗಿನ ಮಗುವಿಗೆ 2 ಮೈಲಿ, ಅದಕ್ಕೆ ಮೇಲ್ಪಟ್ಟವರಿಗೆ 3 ಮೈಲಿ ನಡಿಗೆಯ ಮಿತಿಯೆಂದು ಗೊತ್ತುಮಾಡಿತು. ಅದಕ್ಕಿಂತ ದೂರವಾದರೆ ವಾಹನದ ಏರ್ಪಾಡು ಸ್ಥಳೀಯ ಶಿಕ್ಷಣ ಪ್ರಾಧಿಕಾರದ ಹೊಣೆ. ಈಗಲೂ ಅಲ್ಲಿ ಇದೇ ಅಂತರಗಳು ಉಳಿದಿವೆ. ದಾರಿಯೇ ಅಪಾಯಕರವಾಗಿ, ದೊಡ್ಡವರ ಜೊತೆಗೂ ನಡೆಯಲಾಗದಂಥದಾದರೆ ದೂರ ಕಡಿಮೆಯಿದ್ದರೂ ವಾಹನ ಕೊಡಬೇಕು. ಇದರಿಂದಾದ ಲಾಭವೇನೆಂದರೆ, ತಂದೆತಾಯಿಗಳು ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ. ದೂರವನ್ನು ಅಳೆದು ತೋರಿಸಿದರೆ ಸಾಕು.

ಮೂರನೆಯದು ಬ್ರೆಜಿಲ್. ನಮ್ಮಂತೆಯೇ ಹಳ್ಳಿಗಳೂ ಕೆಸರಿನ ರಸ್ತೆಗಳೂ ಇರುವ ದೇಶವಾದ್ದರಿಂದ ಅದರ ಅನುಭವ ನಮಗೆ ಹತ್ತಿರ. 2007ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ 'ಕಮಿನ್ಯು ದಾ ಎಸ್ಕೋಲಾ', ಅಂದರೆ 'ಶಾಲೆಯ ದಾರಿ' ಎಂಬ ಯೋಜನೆಯನ್ನು ತೆರೆಯಿತು. ಹಳ್ಳಿಯ ರಸ್ತೆಗೆ ತಕ್ಕ ಬಸ್ಸಿನ ಮಾದರಿಯನ್ನು ಕೇಂದ್ರವೇ ನಿಶ್ಚಯಿಸಿ, ದೇಶಕ್ಕೆಲ್ಲ ಒಂದೇ ಟೆಂಡರು ಕರೆದು ಬೆಲೆ ಗೊತ್ತುಮಾಡುತ್ತದೆ. ಪುರಸಭೆಗಳು ಆ ಬೆಲೆಗೆ ಕೊಳ್ಳುತ್ತವೆ. ಅಮೆಜಾನ್ ನದಿಯ ಪ್ರಾಂತದಲ್ಲಿ ಬಸ್ಸಿನ ಬದಲು ದೋಣಿ, ಸಮೀಪದ ಮಕ್ಕಳಿಗೆ ಸೈಕಲ್ಲು ಕೂಡ ಯೋಜನೆಯಲ್ಲಿ ಸೇರಿವೆ. ಕೊಳ್ಳುವುದಕ್ಕೆ ಒಂದು ಲೆಕ್ಕ, ಓಡಿಸುವುದಕ್ಕೆ ಮತ್ತೊಂದು ಅನುದಾನ ಎಂದು ಎರಡನ್ನೂ ಬೇರೆ ಬೇರೆಯಾಗಿ ಇಟ್ಟಿರುವುದು ಅಲ್ಲಿನ ಜಾಣತನ.

ಈ ಕಡೆಯ ಮಾತಿನ ಮಹತ್ವವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕೇರಳದಲ್ಲಿ ಶಾಸಕರ ನಿಧಿಯಿಂದ ಅನೇಕ ಸರ್ಕಾರಿ ಶಾಲೆಗಳಿಗೆ ಬಸ್ಸುಗಳು ಬಂದಿವೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿಯೂ ಕೆಲವು ಸರ್ಕಾರಿ ಶಾಲೆಗಳಿಗೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ವಾಹನ ಕೊಡಿಸಿದ್ದಾರೆ. ಬಸ್ಸು ಬಂದ ದಿನ ಹೂವಿನ ಹಾರ, ಭಾಷಣ ಎಲ್ಲವೂ ಆಗುತ್ತದೆ. ಮಾರನೆಯ ದಿನದಿಂದ ಚಾಲಕನ ಸಂಬಳ, ಡೀಸೆಲ್ಲು, ವಿಮೆ, ಟೈರು ಇವುಗಳ ಚಿಂತೆ ಪೋಷಕರ ಸಮಿತಿಯ ತಲೆಗೆ ಬರುತ್ತದೆ. ಆನೆಯನ್ನು ದಾನ ಕೊಟ್ಟು ಅಂಕುಶಕ್ಕೆ ಜಗಳವಾಡಿದಂತೆ ಆಗಬಾರದು. ಬಸ್ಸನ್ನು ಕೊಳ್ಳುವುದು ಒಂದು ದಿನದ ಖರ್ಚು, ಓಡಿಸುವುದು ಪ್ರತಿದಿನದ ಖರ್ಚು.

ಈಗ ಯೋಜನೆಯ ರೀತಿಯನ್ನು ವಿವರಿಸುತ್ತೇನೆ. ಶಾಲಾ ಬಸ್ಸಿನ ಯೋಜನೆ ಎಂದೊಡನೆ ಎಷ್ಟು ಬಸ್ಸು ಬೇಕು ಎಂದು ಕೇಳುವುದು ರೂಢಿ. ಅದು ಕಡೆಯ ಪ್ರಶ್ನೆ. ಮೊದಲನೆಯದು: ಯಾವ ಊರಿನಲ್ಲಿ, ಯಾವ ತರಗತಿಯ ಎಷ್ಟು ಮಕ್ಕಳಿದ್ದಾರೆ? ಇಲ್ಲಿ ಈಗ ಶಾಲೆಗೆ ಬರುತ್ತಿರುವವರನ್ನು ಮಾತ್ರ ಎಣಿಸಿದರೆ ಸಾಲದು. ಬಸ್ಸಿಲ್ಲದೆ ಬಿಟ್ಟವರು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ; ಆ ಪುಸ್ತಕವನ್ನೇ ನಂಬಿದರೆ "ಆ ಊರಿನಿಂದ ಮೂರೇ ಮಕ್ಕಳು, ಬಸ್ಸೇಕೆ?" ಎಂಬ ತೀರ್ಮಾನ ಬರುತ್ತದೆ. ಆದಕಾರಣ ಏಳನೆಯ ತರಗತಿ ಮುಗಿಸಿದವರ ಪಟ್ಟಿಯನ್ನು ಹಿಡಿದು ಎಣಿಸಬೇಕು. ಎರಡನೆಯದು: ದೂರವನ್ನು ನಕ್ಷೆಯ ಮೇಲೆ ದಾರ ಎಳೆದು ಅಳೆಯದೆ, ಮಗು ನಡೆಯುವ ದಾರಿಯಲ್ಲಿ ಅಳೆಯಬೇಕು. ಹಳ್ಳ, ಕಾಡು, ಹೆದ್ದಾರಿ ಇದ್ದರೆ ಗುರುತು ಹಾಕಬೇಕು. ಮೂರನೆಯದು: ಶಾಲೆಯ ಗಂಟೆ. ಬೆಳಗಿನ ಗಂಟೆಯಿಂದ ಹಿಂದಕ್ಕೆ ಎಣಿಸುತ್ತ ಹೋಗಿ, ಕಡೆಯ ಊರನ್ನು ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕೆಂದು ಕಂಡುಹಿಡಿಯಬೇಕು. ಇಷ್ಟಾದ ಮೇಲೆ ಬಸ್ಸಿನ ಸಂಖ್ಯೆ ತಾನಾಗಿಯೇ ತಿಳಿಯುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ರಸ್ತೆಯ ಉದ್ದ 12 ಕಿಲೋಮೀಟರು. ಅದರ ಮೇಲಿನ ಹಳ್ಳಿಗಳಿಂದ 46 ಮಂದಿ ಹೈಸ್ಕೂಲಿಗೂ 38 ಮಂದಿ ಜೂನಿಯರ್ ಕಾಲೇಜಿಗೂ ಹೋಗಬೇಕು. ಬಸ್ಸಿನಲ್ಲಿ 50 ಆಸನ. ಎರಡೂ ಕಡೆ ಗಂಟೆ ಹೊಡೆಯುವುದು 10ಕ್ಕೇ ಆದರೆ, ಒಟ್ಟು 84 ಮಂದಿಗೆ ಎರಡು ಬಸ್ಸು ಬೇಕು. ಇಲ್ಲವೆ ಒಂದರಲ್ಲೇ ತುರುಕಬೇಕು. ಈಗ ಹೈಸ್ಕೂಲಿನ ಗಂಟೆಯನ್ನು 9.15ಕ್ಕೂ ಕಾಲೇಜಿನ ಗಂಟೆಯನ್ನು 10.15ಕ್ಕೂ ಇಟ್ಟರೆ ಏನಾಗುತ್ತದೆ? ಗಂಟೆಗೆ 24 ಕಿಲೋಮೀಟರು ವೇಗದಲ್ಲಿ ಒಂದು ಸುತ್ತಿಗೆ ಅರ್ಧ ಗಂಟೆ. 8.30ಕ್ಕೆ ಹೊರಟ ಬಸ್ಸು 9ಕ್ಕೆ ಹೈಸ್ಕೂಲಿನ ಮಕ್ಕಳನ್ನು ಇಳಿಸಿ, 9.30ಕ್ಕೆ ಕಡೆಯ ಊರಿಗೆ ಮರಳಿ, 9.35ಕ್ಕೆ ಮತ್ತೆ ಹೊರಟು, 10.05ಕ್ಕೆ ಕಾಲೇಜಿನವರನ್ನು ತಲುಪಿಸುತ್ತದೆ. ಬಸ್ಸು ಒಂದೇ, ಎಲ್ಲರಿಗೂ ಕೂರಲು ಜಾಗ. ಗಂಟೆಯ ಕಡ್ಡಿ ಅತ್ತಿತ್ತ ಸರಿದದ್ದರಿಂದ ಒಂದು ಬಸ್ಸಿನ ಬೆಲೆ ಉಳಿಯಿತು. ಅಮೆರಿಕಾದ ಅನೇಕ ಊರುಗಳಲ್ಲಿ ಚಿಕ್ಕ ಮಕ್ಕಳ ಶಾಲೆಗೂ ದೊಡ್ಡವರ ಶಾಲೆಗೂ ಬೇರೆ ಬೇರೆ ವೇಳೆ ಇಟ್ಟಿರುವುದಕ್ಕೆ ಇದೇ ಕಾರಣ. ನಮ್ಮಲ್ಲಾದರೆ ಶಾಲೆ ಒಂದು ಇಲಾಖೆಯದು, ಬಸ್ಸು ಮತ್ತೊಂದರದು; ಗಂಟೆ ಹೊಡೆಯುವವರೂ ಬಸ್ಸು ಬಿಡುವವರೂ ವರ್ಷಕ್ಕೊಮ್ಮೆಯಾದರೂ ಒಂದೇ ಮೇಜಿನ ಮುಂದೆ ಕೂರುವುದು ಅಪರೂಪ.

ವೆಚ್ಚದ ವಿಚಾರದಲ್ಲಿ ತಿಳಿಯಬೇಕಾದ ಇನ್ನೊಂದು ಗುಟ್ಟು ಖಾಲಿ ಓಟ. ಡಿಪೋ ತಾಲ್ಲೂಕು ಕೇಂದ್ರದಲ್ಲಿದೆ. ಅಲ್ಲಿಂದ ಹೈಸ್ಕೂಲಿಗೆ 14 ಕಿಲೋಮೀಟರು, ಹೈಸ್ಕೂಲಿನಿಂದ ಕಡೆಯ ಹಳ್ಳಿಗೆ 11 ಕಿಲೋಮೀಟರು ಎಂದುಕೊಳ್ಳೋಣ. ಬೆಳಿಗ್ಗೆ ಬಸ್ಸು ಡಿಪೋದಿಂದ ಹೊರಟರೆ 25 ಕಿಲೋಮೀಟರು ಬರಿದೇ ಓಡಿ ಹಳ್ಳಿ ಸೇರಬೇಕು, ಆಮೇಲೆ 11 ಕಿಲೋಮೀಟರು ಮಕ್ಕಳನ್ನು ಹೊರಬೇಕು. ಸಂಜೆ ಇದೇ ಕಥೆ ತಿರುಗುಮುರುಗು. ಒಟ್ಟು 72 ಕಿಲೋಮೀಟರಿನ ಓಟದಲ್ಲಿ ಮಕ್ಕಳಿಗೆ ದಕ್ಕಿದ್ದು 22. ಅದೇ ಬಸ್ಸು ಸಂಜೆ ಮಕ್ಕಳನ್ನು ಇಳಿಸಿ, ಇನ್ನೊಂದು ಸುತ್ತು ಪೇಟೆಗೆ ಹೋಗಿ, ಕೂಲಿ ಕೆಲಸದಿಂದ ಮರಳುವವರನ್ನು ಕರೆತಂದು ರಾತ್ರಿ ಹಳ್ಳಿಯಲ್ಲಿಯೇ ತಂಗಿದರೆ, ಬೆಳಿಗ್ಗೆ ಎದ್ದು ನೇರವಾಗಿ ಮಕ್ಕಳನ್ನು ಹತ್ತಿಸಿಕೊಂಡು ಹೊರಡುತ್ತದೆ. ಖಾಲಿ ಓಟ ಬಹುಮಟ್ಟಿಗೆ ತಪ್ಪುತ್ತದೆ. ನಮ್ಮ ಹಿರಿಯರು ವಸತಿ ಬಸ್ಸು, ಹಾಲ್ಟಿಂಗ್ ಬಸ್ಸು ಎಂದು ಕರೆಯುವುದು ಇದನ್ನೇ. ಇದಕ್ಕೆ ಬೇಕಾದದ್ದು ಚಾಲಕ ನಿರ್ವಾಹಕರು ಮಲಗಲು ಒಂದು ಒಳ್ಳೆಯ ಕೋಣೆ, ನೀರು, ಶೌಚಾಲಯ. ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಇದೇನು ದೊಡ್ಡ ಮಾತಲ್ಲ. ಇಡೀ ದಿನ ದುಡಿದವನನ್ನು ಬಸ್ಸಿನ ಸೀಟಿನ ಮೇಲೆ ಸೊಳ್ಳೆಗಳ ನಡುವೆ ಮಲಗಿಸಿದರೆ ಆ ಬಸ್ಸು ಬಹಳ ದಿನ ಊರಿನಲ್ಲಿ ತಂಗಲಾರದು.

ಹಣ ಎಲ್ಲಿಂದ ಬರಬೇಕು? ಕೇಂದ್ರ ಮತ್ತು ರಾಜ್ಯಗಳು ಕೂಡಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ ದೂರದ ವಸತಿಗಳ ಮಕ್ಕಳ ವಾಹನಕ್ಕಾಗಿ ಮಗುವಿಗೆ ವರ್ಷಕ್ಕೆ 6000 ರೂಪಾಯಿಗಳವರೆಗೆ ಅವಕಾಶವನ್ನು ಕಲ್ಪಿಸಲಾಗಿದೆ. 2021ರಲ್ಲಿ ಇದನ್ನು ಹೈಸ್ಕೂಲಿನ ಘಟ್ಟಕ್ಕೂ ವಿಸ್ತರಿಸಿದರು. ವರ್ಷಕ್ಕೆ 220 ಶಾಲಾ ದಿನಗಳೆಂದರೆ ದಿನಕ್ಕೆ ಸುಮಾರು 27 ರೂಪಾಯಿ. ಒಂದು ಮಗುವಿನ ತಂದೆಯ ಕೈಗೆ ಈ 27 ರೂಪಾಯಿ ಕೊಟ್ಟರೆ, ವಾಹನವೇ ಇಲ್ಲದ ದಾರಿಯಲ್ಲಿ ಅದರಿಂದ ವಾಹನ ಹುಟ್ಟುವುದಿಲ್ಲ. ಮನೆಯ ಉಪ್ಪು ಮೆಣಸಿನಕಾಯಿಗೆ ಕರಗುತ್ತದೆ. ಆದರೆ ಒಂದೇ ದಿಕ್ಕಿನ 40 ಮಕ್ಕಳ ಹಣವನ್ನು ಒಟ್ಟುಗೂಡಿಸಿದರೆ ವರ್ಷಕ್ಕೆ 2,40,000 ರೂಪಾಯಿ, ದಿನಕ್ಕೆ ಸುಮಾರು 1090. ಬಸ್ಸನ್ನು ಓಡಿಸಲು ಕಿಲೋಮೀಟರಿಗೆ 50 ರೂಪಾಯಿ ಬೀಳುತ್ತದೆಂದು ಭಾವಿಸಿದರೆ ಇದು ಸುಮಾರು 22 ಕಿಲೋಮೀಟರಿನ ಖರ್ಚು. ಮೇಲಿನ ಉದಾಹರಣೆಯ ವಸತಿ ಬಸ್ಸು ಮಕ್ಕಳಿಗಾಗಿ ಓಡುವುದೂ ಅಷ್ಟೇ. ಅದೇ ಡಿಪೋದಿಂದ ಬರುವ ಬಸ್ಸಾದರೆ 72 ಕಿಲೋಮೀಟರಿಗೆ 3600 ರೂಪಾಯಿ ಬೇಕು. ಹಣ ಸಾಲುತ್ತದೆಯೋ ಇಲ್ಲವೋ ಎಂಬುದನ್ನು ಅನುದಾನದ ಮೊತ್ತ ಒಂದೇ ನಿರ್ಧರಿಸುವುದಿಲ್ಲ, ಬಸ್ಸು ರಾತ್ರಿ ಎಲ್ಲಿ ಮಲಗುತ್ತದೆಂಬುದೂ ನಿರ್ಧರಿಸುತ್ತದೆ ಎಂದರೆ ವಾಚಕರು ನಗಬಾರದು.

ಎಲ್ಲ ಕಡೆಗೂ ದೊಡ್ಡ ಬಸ್ಸೇ ಆಗಬೇಕೆಂದೂ ಇಲ್ಲ. ಹತ್ತು ಮಕ್ಕಳಿರುವ ಮಲೆನಾಡಿನ ಕಡಿದಾದ ದಾರಿಗೆ ಜೀಪೋ ವ್ಯಾನೋ ಸಾಕು. ಮುಖ್ಯರಸ್ತೆಯಿಂದ ಎರಡು ಮೂರು ಕಿಲೋಮೀಟರು ಒಳಗಿರುವವರಿಗೆ ಸೈಕಲ್ಲು ಉತ್ತಮ. ಅಲ್ಲಿಂದ ಮುಂದಕ್ಕೆ ಬಸ್ಸು. ಸೈಕಲ್ಲನ್ನು ಕೀಳಾಗಿ ಕಾಣಬಾರದು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲು ಕೊಡುವ ಯೋಜನೆ ಆರಂಭವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಪರಿಶೀಲಿಸಿ, ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಅದರಿಂದ ನೂರಕ್ಕೆ 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಣ ಅಂತರ ನೂರಕ್ಕೆ 40ರಷ್ಟು ಇಳಿಯಿತು ಎಂದು 2017ರಲ್ಲಿ ಪ್ರಕಟಿಸಿದರು. ಈ ಲಾಭ ಹೆಚ್ಚಾಗಿ ಕಂಡದ್ದು ಹೈಸ್ಕೂಲಿನಿಂದ ದೂರವಿದ್ದ ಊರುಗಳಲ್ಲಿ. ಹುಡುಗಿಯರಿಗೆ ಓದುವ ಮನಸ್ಸಿಲ್ಲ, ಹೆತ್ತವರಿಗೆ ಕಳಿಸುವ ಮನಸ್ಸಿಲ್ಲ ಎಂದು ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಅಡ್ಡಿಯಾಗಿದ್ದುದು ದೂರ. ನಮ್ಮ ರಾಜ್ಯದಲ್ಲಿಯೂ 2006-07ರಿಂದ ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಡಲಾರಂಭಿಸಿದರು. ಕೊರೋನಾ ಕಾಲದಲ್ಲಿ ಅದು ನಿಂತುಹೋಯಿತು.

ಸುರಕ್ಷತೆಯ ಮಾತನ್ನು ಹೇಳದೆ ಈ ವಿಷಯ ಪೂರ್ಣವಾಗದು. 1997ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಮಕ್ಕಳ ಬಸ್ಸೊಂದು ಯಮುನಾ ನದಿಗೆ ಉರುಳಿ 28 ಮಕ್ಕಳು ಪ್ರಾಣ ಕಳೆದುಕೊಂಡರು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಶಾಲಾ ಬಸ್ಸುಗಳಿಗೆ ಕಟ್ಟಳೆಗಳನ್ನು ವಿಧಿಸಿತು. ಭಾರಿ ವಾಹನವನ್ನು ನಡೆಸಿ ಕನಿಷ್ಠ 5 ವರ್ಷ ಅನುಭವವಿರುವ ಚಾಲಕ, ವೇಗವನ್ನು ತಡೆಯುವ ಯಂತ್ರ, ಕಿಟಕಿಗೆ ಅಡ್ಡಪಟ್ಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಾಧನ, ಜೊತೆಗೊಬ್ಬ ಸಹಾಯಕ ಮುಂತಾದುವು ಆಗ ಬಂದವು. ಖಾಸಗಿ ಶಾಲೆಗಳ ಹಳದಿ ಬಸ್ಸುಗಳಲ್ಲಿ ಇವನ್ನು ಕೇಳುವವರಿದ್ದಾರೆ. ಆದರೆ ಸರ್ಕಾರಿ ಶಾಲೆಯ ಮಗು ಬಾಗಿಲಿಗೆ ಜೋತುಬಿದ್ದು, ಇಲ್ಲವೆ ಸರಕು ಆಟೋದ ಹಿಂಬದಿಯಲ್ಲಿ ನಿಂತು ಹೋಗುವಾಗ, ಆ ಕಟ್ಟಳೆಗಳು ಅದಕ್ಕೆ ಸಂಬಂಧಿಸಿದ್ದಲ್ಲವೆಂಬಂತೆ ನಾವೆಲ್ಲ ಸುಮ್ಮನಿರುತ್ತೇವೆ. ಮಗುವಿನ ಜೀವಕ್ಕೆ ಶಾಲೆಯ ಶುಲ್ಕದ ಮೇಲೆ ಬೆಲೆ ಕಟ್ಟುವುದು ನ್ಯಾಯವಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಬಸ್ಸು ಬಂದರೆ ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡದರಲ್ಲಿ ಸೇರಿಸಬಹುದೆಂಬ ವಾದವಿದೆ. ಅಮೆರಿಕಾದಲ್ಲಿ ಹಾಗೆಯೇ ಆಯಿತು. 1930ರಲ್ಲಿ ಅಲ್ಲಿ ಸುಮಾರು 1,49,000 ಏಕೋಪಾಧ್ಯಾಯ ಶಾಲೆಗಳಿದ್ದವು. 1970ರ ವೇಳೆಗೆ ಎರಡು ಸಾವಿರಕ್ಕೂ ಕಡಿಮೆಯಾದವು. ವಿಷಯಕ್ಕೊಬ್ಬ ಉಪಾಧ್ಯಾಯರು, ಪ್ರಯೋಗಶಾಲೆ, ಗ್ರಂಥಾಲಯ ದೊರೆತದ್ದು ಲಾಭವೇ. ಆದರೆ ಆರು ವರ್ಷದ ಮಗುವಿಗೆ ತನ್ನ ಊರಿನ ಶಾಲೆಯಷ್ಟು ಒಳ್ಳೆಯದು ಬೇರೆಯಿಲ್ಲ. ಅಲ್ಲಿಗೆ ಅಜ್ಜಿಯೂ ಕೈಹಿಡಿದು ಕರೆದೊಯ್ಯಬಲ್ಲಳು. ಬಸ್ಸು ಕೆಟ್ಟ ದಿನವೂ ಪಾಠ ತಪ್ಪದು. ನನ್ನ ಅಭಿಪ್ರಾಯದಲ್ಲಿ ಚಿಕ್ಕ ಮಕ್ಕಳಿಗೆ ನಡಿಗೆಯ ಶಾಲೆಯೇ ಉಳಿಯಬೇಕು. ಬಸ್ಸಿನ ವಿಸ್ತರಣೆ ಮೊದಲು ಆಗಬೇಕಾದದ್ದು ಏಳನೆಯ ತರಗತಿಯ ಆಚೆಗೆ. ಎಲ್ಲಿಯಾದರೂ ಶಾಲೆಗಳನ್ನು ಸೇರಿಸಲೇಬೇಕಾಗಿ ಬಂದರೆ ಮೊದಲು ಬಸ್ಸು ಒಂದು ವರ್ಷ ತಪ್ಪದೆ ಓಡಲಿ, ಆಮೇಲೆ ಬೀಗ ಹಾಕುವ ಮಾತು. ಬೀಗ ಮೊದಲು ಬಿದ್ದು ಬಸ್ಸು ಬರದಿದ್ದರೆ ಮಗುವಿಗೆ ಎರಡೂ ಇಲ್ಲ.

ಒಟ್ಟಿನಲ್ಲಿ ನಾನು ಹೇಳಬಯಸುವುದಿಷ್ಟು. ಹೈಸ್ಕೂಲಿನವರೆಗೂ ಇಂತಿಷ್ಟು ದೂರಕ್ಕೆ ಮೇಲ್ಪಟ್ಟರೆ ವಾಹನ ಕೊಡುವುದು ಸರ್ಕಾರದ ಹೊಣೆಯೆಂದು ಲಿಖಿತವಾಗಿ ಗೊತ್ತಾಗಬೇಕು. ಪ್ರತಿ ತಾಲ್ಲೂಕಿನಲ್ಲಿಯೂ ಶಾಲೆ ತೆರೆಯುವ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ಶಿಕ್ಷಣ ಇಲಾಖೆಯವರೂ ಡಿಪೋದವರೂ ಪಂಚಾಯಿತಿಯವರೂ ಕುಳಿತು ಗಂಟೆಯನ್ನೂ ಬಸ್ಸನ್ನೂ ಹೊಂದಿಸಬೇಕು. ಶನಿವಾರಕ್ಕೆ ಬೇರೆ ಪಟ್ಟಿ ಇರಬೇಕು. ಮಕ್ಕಳ ಹಣವನ್ನು ಚಿಲ್ಲರೆಯಾಗಿ ಹಂಚದೆ ದಾರಿಗೊಂದರಂತೆ ಕೂಡಿಸಬೇಕು. ಇಷ್ಟನ್ನೂ ಮಾಡಿದ ಮೇಲೆ ಎಲ್ಲಿ ಕೊರತೆ ಉಳಿಯುತ್ತದೋ ಅಲ್ಲಿಗೆ ಹೊಸ ಬಸ್ಸು.

ನಾವು ವಿದ್ಯಾರ್ಥಿಗಳು ಇದರಲ್ಲಿ ಏನು ಮಾಡಬಲ್ಲೆವು? ನಮ್ಮ ಕಾಲೇಜಿಗೆ ಹತ್ತಾರು ಹಳ್ಳಿಗಳಿಂದ ಮಿತ್ರರು ಬರುತ್ತಾರೆ. ಈ ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮೂರಿನಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳು ಎಷ್ಟು, ಅವರಲ್ಲಿ ಎಂಟಕ್ಕೆ ಸೇರಿದವರು ಎಷ್ಟು, ಹೈಸ್ಕೂಲು ಎಷ್ಟು ದೂರ, ಗಂಟೆ ಎಷ್ಟಕ್ಕೆ, ಬಸ್ಸು ಎಷ್ಟಕ್ಕೆ ಎಂಬ ಐದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ತಂದರೆ ಸಾಕು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಅವನ್ನು ಕೂಡಿಸಿ ತಾಲ್ಲೂಕಿನ ಒಂದು ಪಟ್ಟಿ ಮಾಡಬಹುದು. ಅಂಕಿ ಅಂಶವಿರುವ ಅರ್ಜಿಗೆ ಬರೀ ಅರ್ಜಿಗಿಂತ ತೂಕ ಹೆಚ್ಚು.

ನಮ್ಮೂರಿನ ಹಾಳೆಯನ್ನು ನಾನು ಈಗಾಗಲೇ ಬರೆದಿದ್ದೇನೆ. ಅಕ್ಕನ ಗಂಡನ ಮನೆಯ ಊರಿನದನ್ನು ಅವಳಿಂದ ಕೇಳಿ ಬರೆದುಕೊಂಡೆ. ಅವಳ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಆ ಊರಿನಲ್ಲಿಯೂ ಶಾಲೆ ಏಳಕ್ಕೇ ಮುಗಿಯುತ್ತದೆ. ಬೆಳಗಿನ ಬಸ್ಸು 10.20ಕ್ಕೆ. ಆ ವೇಳೆಯನ್ನು ಬದಲಾಯಿಸಲು ನಮಗೆ ಇನ್ನೂ ಎಂಟು ಒಂಬತ್ತು ವರ್ಷಗಳ ಅವಕಾಶವಿದೆ. ಅಷ್ಟರೊಳಗೆ ಸರ್ಕಾರವೂ ಸಾರ್ವಜನಿಕರೂ ಈ ಕಡೆ ಗಮನ ಹರಿಸುವರೆಂದು ನಂಬಿ ಲೇಖನವನ್ನು ಮುಗಿಸುತ್ತೇನೆ.